ಕೊರೊನಾ ರೋಗಿಗೆ ಪ್ಲಾಸ್ಮಾ ಕೊಡುವ ಮುನ್ನ, ಕೊಡುವಾಗ

2021ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮಂಗಳೂರು, ಮಣಿಪಾಲ, ಉಡುಪಿಯ ಆಸ್ಪತ್ರೆಗಳಿಂದ ರೋಗಿಗಳ ಕಡೆಯವರು ರಕ್ತನಿಧಿಯ ಕಿಟಕಿಗೆ ತರುತ್ತಿದ್ದ ಚೀಟಿಗಳಲ್ಲಿ ರೋಗಿಯ ಹೆಸರು, ಹಾಸಿಗೆಯ ಸಂಖ್ಯೆ, ರಕ್ತದ ಗುಂಪು ಮತ್ತು ‘ಪ್ಲಾಸ್ಮಾ 2 ಯೂನಿಟ್, ಅರ್ಜೆಂಟ್’ ಎಂಬ ಒಕ್ಕಣೆ ಇರುತ್ತಿದ್ದವು. ಜ್ವರ ಶುರುವಾಗಿ ಎಷ್ಟು ದಿನವಾಯಿತು ಎಂಬುದನ್ನು ಮಾತ್ರ ಯಾರೂ ಬರೆದಿರುತ್ತಿರಲಿಲ್ಲ. ಆ ಕಿಟಕಿಯ ಒಳಬದಿಯಲ್ಲಿ ಆಪ್ತಸಮಾಲೋಚಕಿಯಾಗಿ ಕುಳಿತಿದ್ದ ನನಗೆ, ಚೀಟಿಯಲ್ಲಿಲ್ಲದ ಆ ಒಂದು ಸಂಖ್ಯೆಯೇ ಉಳಿದೆಲ್ಲಕ್ಕಿಂತ ಮುಖ್ಯವಾದದ್ದು ಎಂದು ತಿಳಿಯುವುದಕ್ಕೆ ಕೆಲವು ತಿಂಗಳು ಹಿಡಿಯಿತು. ಈಗ ಇಂಥ ಚೀಟಿಗಳು ಅಪರೂಪ. ಆದರೂ ರಕ್ತದ ಕ್ಯಾನ್ಸರಿಗೆ ಔಷಧಿ ತೆಗೆದುಕೊಳ್ಳುತ್ತಿರುವವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ಕೊರೊನಾ ತಗಲಿ ಆಸ್ಪತ್ರೆಗೆ ಸೇರಿದಾಗ ಪ್ಲಾಸ್ಮಾದ ಪ್ರಶ್ನೆ ಮತ್ತೆ ಏಳುತ್ತದೆ. ವಾರ್ಡಿನ ಕಿರಿಯ ವೈದ್ಯರು, ಸಿಸ್ಟರ್‌ಗಳು, ರೋಗಿಯ ಮನೆಯವರು ಮತ್ತು ದಾನಿಗಳು ಕೆಲಸದ ಕ್ರಮವನ್ನು ಒಂದೇ ಕಡೆ ಓದಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಕೊಡಬೇಕೇ ಬೇಡವೇ ಎಂಬ ತೀರ್ಮಾನ ಚಿಕಿತ್ಸೆ ನೀಡುವ ವೈದ್ಯರದ್ದೇ.

ರಕ್ತದಿಂದ ಕಣಗಳನ್ನು ಬೇರ್ಪಡಿಸಿದಾಗ ಉಳಿಯುವ ತಿಳಿಹಳದಿ ದ್ರವವೇ ಪ್ಲಾಸ್ಮಾ. ಸೋಂಕಿನಿಂದ ಚೇತರಿಸಿಕೊಂಡವರ ಪ್ಲಾಸ್ಮಾದಲ್ಲಿ ಆ ವೈರಾಣುವನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳಿರುತ್ತವೆ, ಮತ್ತು ಅವುಗಳನ್ನು ಇನ್ನೊಬ್ಬರಿಗೆ ಎರವಲು ಕೊಡುವುದೇ ಈ ಚಿಕಿತ್ಸೆಯ ತಿರುಳು. ನಮ್ಮ ಕಡೆಯವರಿಗೆ ಇದು ಹೊಸ ವಿಚಾರವೇನಲ್ಲ. ನಾಗರಹಾವು ಕಚ್ಚಿದವರಿಗೆ ಕೊಡುವ ಪ್ರತಿವಿಷವೂ ಹೀಗೆಯೇ ಕುದುರೆಯ ರಕ್ತದಲ್ಲಿ ತಯಾರಾದ ಪ್ರತಿಕಾಯ, ಮತ್ತು ಅದನ್ನು ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು ಎಂಬುದು ತೋಟದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಗೊತ್ತು. 1890ರಲ್ಲಿ ವಿಜ್ಞಾನಿಗಳಾದ ಬೆರಿಂಗ್ ಮತ್ತು ಕಿಟಸಾಟೊ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಗಂಟಲಮಾರಿ ಮತ್ತು ಧನುರ್ವಾಯುವಿಗೆ ಈ ದಾರಿ ತೋರಿಸಿದರು. 1979ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅರ್ಜೆಂಟೀನಾದ ಒಂದು ರಕ್ತಸ್ರಾವ ಜ್ವರಕ್ಕೆ ಚೇತರಿಸಿಕೊಂಡವರ ಪ್ಲಾಸ್ಮಾ ಕೊಟ್ಟಾಗ ಸಾವಿನ ಪ್ರಮಾಣ ಶೇ 16.5ರಿಂದ ಶೇ 1.1ಕ್ಕೆ ಇಳಿಯಿತು. ಅಲ್ಲಿಯೂ ರೋಗ ಶುರುವಾದ ಎಂಟು ದಿನಗಳೊಳಗೆ ಕೊಟ್ಟಿದ್ದರು ಎಂಬುದನ್ನು ಮರೆಯಬಾರದು.

ದಿನ ಎಣಿಸುವುದು

ಮೊದಲು ಮಾಡಬೇಕಾದ ಕೆಲಸವೆಂದರೆ ಲಕ್ಷಣ ಕಾಣಿಸಿಕೊಂಡ ದಿನವನ್ನು ಸರಿಯಾಗಿ ಗೊತ್ತುಮಾಡಿಕೊಳ್ಳುವುದು. ಪರೀಕ್ಷೆಯ ವರದಿ ಬಂದ ದಿನ ಬೇರೆ, ಆಸ್ಪತ್ರೆಗೆ ಸೇರಿದ ದಿನ ಬೇರೆ, ಮೊದಲು ಮೈ ಬೆಚ್ಚಗಾದ ದಿನ ಬೇರೆ. ಮನೆಯವರನ್ನು ಕೇಳಿದರೆ ಸಾಮಾನ್ಯವಾಗಿ ವರದಿಯ ದಿನವನ್ನೇ ಹೇಳುತ್ತಾರೆ. ‘ಗಂಟಲು ಕೆರೆತ ಶುರುವಾದದ್ದು ಯಾವಾಗ, ಆ ದಿನ ಮನೆಯಲ್ಲಿ ಏನು ನಡೆದಿತ್ತು’ ಎಂದು ಬಿಡಿಸಿ ಕೇಳಿದರೆ ಎರಡು ಮೂರು ದಿನ ಹಿಂದಕ್ಕೆ ಹೋಗುವುದುಂಟು. ಸೋಂಕು ತಗಲಿದ ಆರೋಗ್ಯವಂತ ದೇಹವು ಸಾಮಾನ್ಯವಾಗಿ ಒಂದರಿಂದ ಎರಡು ವಾರಗಳಲ್ಲಿ ತನ್ನದೇ ಪ್ರತಿಕಾಯಗಳನ್ನು ತಯಾರಿಸಿಕೊಳ್ಳುತ್ತದೆ. ಆ ಹೊತ್ತಿಗೆ ಶ್ವಾಸಕೋಶಕ್ಕೆ ಹಾನಿ ಮಾಡುತ್ತಿರುವುದು ವೈರಾಣುವಿಗಿಂತ ಹೆಚ್ಚಾಗಿ ದೇಹದ್ದೇ ಉರಿಯೂತ. ಆ ಹಂತದಲ್ಲಿ ಹೊರಗಿನಿಂದ ಪ್ರತಿಕಾಯ ಹೊಯ್ಯುವುದೆಂದರೆ ಬೆಂಕಿಗೆ ಮನೆ ಸುಟ್ಟ ಮೇಲೆ ಬಾವಿ ತೋಡಿದಂತೆಯೇ.

ಒಂದು ಸಂದರ್ಭ ನೆನಪಿದೆ. ಬೈಂದೂರಿನ ಕಡೆಯ ಯುವಕನೊಬ್ಬ ಜೀಪಿನಲ್ಲಿ ಮೂವರು ದಾನಿಗಳನ್ನು ಕರೆತಂದು, ‘ಅಕ್ಕ, ಹೇಗಾದರೂ ಮಾಡಿ ಇವತ್ತೇ ತೆಗೆದುಕೊಡಿ, ನಮ್ಮ ದೊಡ್ಡಪ್ಪನಿಗೆ’ ಎಂದು ಕಿಟಕಿಗೆ ಅಂಟಿಕೊಂಡು ನಿಂತಿದ್ದ. ದೊಡ್ಡಪ್ಪನಿಗೆ ಅದು 16ನೆಯ ದಿನ, ವೆಂಟಿಲೇಟರ್ ಹಾಕಿ ಆರು ದಿನವಾಗಿತ್ತು, ಅವರ ರಕ್ತದಲ್ಲಿ ಆಗಲೇ ಸಾಕಷ್ಟು ಪ್ರತಿಕಾಯವಿತ್ತು. ನಾನು ವಿವರಿಸಿದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿ, ‘ಹಾಗಾದರೆ ಡಾಕ್ಟ್ರು ಎಂತಕ್ಕೆ ಬರೆದದ್ದು ಅಕ್ಕ?’ ಎಂದು ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬೇರೇನೂ ಉಳಿದಿಲ್ಲ ಎಂದು ಹೇಳಲಾಗದೆ ಬರೆದ ಚೀಟಿಗಳು ಆ ದಿನಗಳಲ್ಲಿ ಬಹಳ ಇದ್ದವು.

ಅಂಕಿಅಂಶಗಳೂ ಇದನ್ನೇ ಹೇಳುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರ ಏಪ್ರಿಲ್ 22ರಿಂದ ಜುಲೈ 14ರವರೆಗೆ ದೇಶದ 39 ಆಸ್ಪತ್ರೆಗಳಲ್ಲಿ 464 ಮಂದಿಯ ಮೇಲೆ ನಡೆಸಿದ ಪ್ಲಾಸಿಡ್ ಅಧ್ಯಯನದಲ್ಲಿ, 28 ದಿನಗಳೊಳಗೆ ರೋಗ ಉಲ್ಬಣಿಸಿದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದವರಲ್ಲಿ ಶೇ 19, ಪಡೆಯದವರಲ್ಲಿ ಶೇ 18. ಬ್ರಿಟನ್ನಿನ ರಿಕವರಿ ಅಧ್ಯಯನದಲ್ಲಿ 11,558 ರೋಗಿಗಳಿದ್ದರು, ಎರಡೂ ಗುಂಪಿನಲ್ಲಿ ತೀರಿಕೊಂಡವರು ಶೇ 24. ಅದರ ಫಲಿತಾಂಶ 2021ರ ಮೇ ತಿಂಗಳಲ್ಲಿ ಪ್ರಕಟವಾಯಿತು ಮತ್ತು ಅದೇ ಮೇ 17ರಂದು ನಮ್ಮ ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ಕೈಬಿಡಲಾಯಿತು. ವಿಶ್ವ ಆರೋಗ್ಯ ಸಂಸ್ಥೆ ಆ ವರ್ಷದ ಡಿಸೆಂಬರಿನಲ್ಲಿ ಇದೇ ನಿಲುವಿಗೆ ಬಂತು. ಇದೇ ಚಿಕಿತ್ಸೆಯನ್ನು ಬೇಗ ಕೊಟ್ಟ ಕಡೆ ಚಿತ್ರ ಬೇರೆಯಾಗಿತ್ತು. ಅರ್ಜೆಂಟೀನಾದಲ್ಲಿ 160 ಮಂದಿ ವಯೋವೃದ್ಧರ ಅಧ್ಯಯನದಲ್ಲಿ, ಲಕ್ಷಣ ಕಂಡ 72 ಗಂಟೆಗಳೊಳಗೆ ಪ್ರತಿಕಾಯ ಹೆಚ್ಚಿರುವ ಪ್ಲಾಸ್ಮಾ ಕೊಟ್ಟಾಗ ಉಸಿರಾಟದ ತೀವ್ರ ತೊಂದರೆಗೆ ಜಾರಿದವರು ಶೇ 16, ಕೊಡದವರಲ್ಲಿ ಶೇ 31. ಅಮೆರಿಕದಲ್ಲಿ ಆಸ್ಪತ್ರೆಗೆ ಸೇರದ 1,181 ಮಂದಿಯ ಅಧ್ಯಯನದಲ್ಲಿ ಒಂಬತ್ತು ದಿನಗಳೊಳಗೆ ಕೊಟ್ಟಾಗ, ನಂತರ ಆಸ್ಪತ್ರೆ ಸೇರಬೇಕಾದವರ ಪ್ರಮಾಣ ಶೇ 6.3ರ ಬದಲು ಶೇ 2.9ರಷ್ಟಿತ್ತು.

ತೀವ್ರ ಹಂತದವರಿಗೆ ಬಾಗಿಲು ಪೂರ್ತಿ ಮುಚ್ಚಿದೆ ಎಂದೂ ಹೇಳುವಂತಿಲ್ಲ. ಬೆಲ್ಜಿಯಂನಲ್ಲಿ 475 ಮಂದಿ ವೆಂಟಿಲೇಟರ್ ರೋಗಿಗಳ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಪ್ರತಿಕಾಯದ ಮಟ್ಟ ಕನಿಷ್ಠ 1:320 ಇರುವ, ಎಂದರೆ 320 ಪಟ್ಟು ತೆಳುಮಾಡಿದರೂ ವೈರಾಣುವನ್ನು ತಡೆಯಬಲ್ಲ, ಪ್ಲಾಸ್ಮಾ ಪಡೆದವರಲ್ಲಿ 28 ದಿನಗಳ ಸಾವು ಶೇ 35.4, ಪಡೆಯದವರಲ್ಲಿ ಶೇ 45. ವೆಂಟಿಲೇಟರ್ ಹಾಕಿದ 48 ಗಂಟೆಗಳೊಳಗೆ ಕೊಟ್ಟವರಲ್ಲೇ ಈ ಲಾಭ ಮುಖ್ಯವಾಗಿ ಕಂಡದ್ದು. ಎಂದರೆ ಇಲ್ಲಿಯೂ ಗಡಿಯಾರ ನೋಡಲೇಬೇಕು, ಬಾಟಲಿಯೊಳಗೆ ಏನಿದೆ ಎಂದು ಅಳೆಯಲೇಬೇಕು. ಇದು ಒಂದೇ ಅಧ್ಯಯನ ಎಂಬ ಎಚ್ಚರವೂ ಇರಲಿ.

ಆದ್ದರಿಂದ ಇಂದು ಪ್ಲಾಸ್ಮಾಕ್ಕಾಗಿ ಯೋಚಿಸಬೇಕಾದ ರೋಗಿ ಯಾರೆಂದರೆ, ತನ್ನ ದೇಹದಲ್ಲಿ ಪ್ರತಿಕಾಯ ತಯಾರಿಸಲಾಗದವನು. ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರ್, ದೀರ್ಘಕಾಲದ ರಕ್ತದ ಕ್ಯಾನ್ಸರ್, ಅಂಗಾಂಗ ಕಸಿ, ಪ್ರತಿಕಾಯ ತಯಾರಿಸುವ ಬಗೆಯ ಕಣಗಳನ್ನೇ ಅಳಿಸುವ ರಿಟುಕ್ಸಿಮ್ಯಾಬ್‌ನಂಥ ಔಷಧಿಗಳು ಈ ಸ್ಥಿತಿಯನ್ನು ತರುತ್ತವೆ. ಅಮೆರಿಕದ ಎಎಬಿಬಿ ಎಂಬ ರಕ್ತಪೂರಣ ಸಂಘಟನೆಯ 2022ರ ಮಾರ್ಗಸೂಚಿಯು ಆಸ್ಪತ್ರೆಯಲ್ಲಿರುವ ಎಲ್ಲರಿಗೂ ಕೊಡುವುದು ಬೇಡ ಎಂದು ಹೇಳಿ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಮತ್ತು ದಾಖಲಾಗುವಾಗ ಪ್ರತಿಕಾಯವೇ ಇಲ್ಲದವರಿಗೆ ಮಾತ್ರ ಪರಿಗಣಿಸಬಹುದು ಎಂದಿತು. ಹಾಗಾಗಿ ಎರಡನೆಯ ಹೆಜ್ಜೆ ರೋಗಿಯ ರಕ್ತದಲ್ಲಿ ಪ್ರತಿಕಾಯ ಪರೀಕ್ಷೆ ಮಾಡಿಸುವುದು. ಲಸಿಕೆ ಹಾಕಿಸಿಕೊಂಡ ಆರೋಗ್ಯವಂತರಲ್ಲಿ ಬಹುತೇಕ ಎಲ್ಲರಿಗೂ ಅದು ಇದ್ದೇ ಇರುತ್ತದೆ, ಅಂಥವರಿಗೆ ಪ್ಲಾಸ್ಮಾದ ಯೋಚನೆಯನ್ನೇ ಬಿಡಬಹುದು. ಆಮ್ಲಜನಕ ಬೇಕಾದ ರೋಗಿಗೆ ಉರಿಯೂತ ತಗ್ಗಿಸುವ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡನ್ನು ದಿನಕ್ಕೆ 6 ಮಿಲಿಗ್ರಾಂನಂತೆ ಹತ್ತು ದಿನಗಳವರೆಗೆ ಕೊಡುವುದು ಸಾವನ್ನು ತಗ್ಗಿಸಿದೆ ಎಂಬುದು 2020ರ ಜೂನ್‌ನಿಂದಲೇ ಗೊತ್ತಿರುವ ವಿಷಯ. ಪ್ಲಾಸ್ಮಾ ಹುಡುಕುವ ಗಡಿಬಿಡಿಯಲ್ಲಿ ಈ ಅಗ್ಗದ ಔಷಧಿ ತಪ್ಪಿಹೋಗಬಾರದು.

ರೋಗಿಗೆ ಐಜಿಎ ಎಂಬ ಪ್ರತಿಕಾಯದ ಕೊರತೆ ಇದ್ದರೆ, ಅಥವಾ ಹಿಂದೆ ರಕ್ತದ ಉತ್ಪನ್ನಗಳಿಂದ ತೀವ್ರ ಅಲರ್ಜಿ ಆಗಿದ್ದರೆ ಕೊಡಬಾರದು. ಹೃದಯ ದುರ್ಬಲವಾಗಿರುವವರಿಗೆ, ಮೂತ್ರ ಸರಿಯಾಗಿ ಹೋಗದವರಿಗೆ 200 ಮಿ.ಲೀ. ದ್ರವ ಕೂಡ ಭಾರವಾಗಬಹುದು. ಲಿಖಿತ ಒಪ್ಪಿಗೆ ಪತ್ರ ಕಡ್ಡಾಯ. ಅದನ್ನು ರೋಗಿಯ ಭಾಷೆಯಲ್ಲಿ, ಬೇಕಿದ್ದರೆ ತುಳುವಿನಲ್ಲಿಯೋ ಬ್ಯಾರಿಯಲ್ಲಿಯೋ ಕೊಂಕಣಿಯಲ್ಲಿಯೋ, ಬಾಯಿಮಾತಿನಲ್ಲಿ ವಿವರಿಸಿದ ನಂತರವೇ ಸಹಿ ಹಾಕಿಸಬೇಕು. ಇದು ರಾಷ್ಟ್ರೀಯ ಮಾರ್ಗಸೂಚಿಯ ಹೊರಗಿನ ಚಿಕಿತ್ಸೆ, ಗುಣವಾಗುವ ಭರವಸೆ ಇಲ್ಲ ಎಂಬ ಮಾತನ್ನು ಸಹಿಗಿಂತ ಮೊದಲು ಹೇಳಬೇಕು, ನಂತರವಲ್ಲ.

ದಾನಿ ಮತ್ತು ಯಂತ್ರ

2020ರ ನವೆಂಬರಿನಲ್ಲಿ ಸಂಶೋಧನಾ ಮಂಡಳಿ ಹೊರಡಿಸಿದ ಸಲಹೆಯ ಪ್ರಕಾರ ದಾನಿಗೆ 18ರಿಂದ 65 ವರ್ಷ ವಯಸ್ಸು, 50 ಕಿಲೋಗಿಂತ ಹೆಚ್ಚು ತೂಕ, ಆರ್‌ಟಿಪಿಸಿಆರ್‌ನಿಂದ ದೃಢಪಟ್ಟ ಸೋಂಕಿನ ದಾಖಲೆ ಇರಬೇಕು ಮತ್ತು ಲಕ್ಷಣಗಳು ಹೋಗಿ 14 ದಿನ ಕಳೆದಿರಬೇಕು. ಜ್ವರ, ಕೆಮ್ಮು ಸರಿಯಾಗಿ ಕಾಡಿದವರಲ್ಲಿ ಪ್ರತಿಕಾಯ ಹೆಚ್ಚಿರುವ ಸಂಭವವಿದೆ. ಏನೂ ಆಗದೆ ವರದಿಯಲ್ಲಿ ಮಾತ್ರ ಪಾಸಿಟಿವ್ ಬಂದವರಲ್ಲಿ ಕಡಿಮೆ. ಗರ್ಭ ಧರಿಸಿದ ಅನುಭವವಿರುವ ಮಹಿಳೆಯರನ್ನು ದಾನಿಗಳಾಗಿ ತೆಗೆದುಕೊಳ್ಳುವುದಿಲ್ಲ. ಇದರಲ್ಲಿ ಮಡಿ ಮೈಲಿಗೆಯ ಮಾತೇನೂ ಇಲ್ಲ ಎಂದು ಅನೇಕ ಅಕ್ಕಂದಿರಿಗೆ ನಾನು ಹೇಳಬೇಕಾಗಿ ಬಂದಿದೆ. ಬಸುರಿನಲ್ಲಿ ಮಗುವಿನ ಜೀವಕೋಶಗಳ ವಿರುದ್ಧ ತಾಯಿಯ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳು ವರ್ಷಗಟ್ಟಲೆ ಉಳಿಯಬಲ್ಲವು, ಮತ್ತು ಅವು ಆಗಲೇ ಬಳಲಿದ ಶ್ವಾಸಕೋಶದ ರೋಗಿಯ ದೇಹ ಸೇರಿದರೆ ಪ್ರಾಣಾಪಾಯ ತರಬಲ್ಲವು.

ಪ್ಲಾಸ್ಮಾವನ್ನು ಏಫೆರೆಸಿಸ್ ಯಂತ್ರದಿಂದ ತೆಗೆಯುತ್ತಾರೆ. 2019ರಲ್ಲಿ ಮಂಗಳೂರಿನಲ್ಲಿ ಡೆಂಗಿ ಹಬ್ಬಿದಾಗ ಪ್ಲೇಟ್‌ಲೆಟ್ ಕೊಟ್ಟವರಿಗೆ ಈ ಯಂತ್ರದ ಪರಿಚಯ ಇರುತ್ತದೆ. ರಕ್ತ ಒಂದು ಕೊಳವೆಯಿಂದ ಯಂತ್ರದೊಳಗೆ ಹೋಗಿ, ಪ್ಲಾಸ್ಮಾ ಚೀಲದಲ್ಲಿ ಉಳಿದು, ಕೆಂಪುಕಣಗಳು ದಾನಿಗೇ ಮರಳುತ್ತವೆ. ಆದ್ದರಿಂದಲೇ ಸಾಮಾನ್ಯ ರಕ್ತದಾನದಂತೆ ಮೂರು ತಿಂಗಳು ಕಾಯಬೇಕಾಗಿಲ್ಲ. ರಕ್ತ ಹೆಪ್ಪುಗಟ್ಟದಂತೆ ಸೇರಿಸುವ ಸಿಟ್ರೇಟ್ ದಾನಿಯ ದೇಹದ ಕ್ಯಾಲ್ಸಿಯಂ ಅನ್ನು ತಾತ್ಕಾಲಿಕವಾಗಿ ತಗ್ಗಿಸುವುದರಿಂದ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಎನ್ನುತ್ತದೆ. ಗಂಡಸರು ಇದನ್ನು ಹೇಳಿಕೊಳ್ಳದೆ ಹಲ್ಲು ಕಚ್ಚಿ ಮಲಗಿರುತ್ತಾರೆ, ಹಾಗೆ ಮಾಡಬಾರದು. ತಂತ್ರಜ್ಞರಿಗೆ ಹೇಳಿದರೆ ಯಂತ್ರದ ವೇಗ ತಗ್ಗಿಸಿ, ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ, ಕೆಲವು ನಿಮಿಷಗಳಲ್ಲಿ ಸರಿಹೋಗುತ್ತದೆ.

ದಾನಕ್ಕೆ ಮುಂಚಿನ ಊಟದ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ನಮ್ಮ ಜಿಲ್ಲೆಗಳಲ್ಲಿ ಇದು ನಿಜಕ್ಕೂ ತೊಂದರೆ ಕೊಟ್ಟಿದೆ. ಒಮ್ಮೆ ಮನೆಯ ಕಾರ್ಯಕ್ರಮದ ಕೋರಿರೊಟ್ಟಿ ಊಟ ಮುಗಿಸಿ ನೇರವಾಗಿ ಬಂದ ದಾನಿಯೊಬ್ಬರ ಪ್ಲಾಸ್ಮಾ ಚೀಲಕ್ಕೆ ಇಳಿಯುತ್ತಿದ್ದಂತೆ ತೆಂಗಿನ ಹಾಲಿನಂತೆ ಬೆಳ್ಳಗೆ, ಮಸುಕಾಗಿ ತುಂಬತೊಡಗಿತು. ರಕ್ತದಲ್ಲಿ ಕೊಬ್ಬಿನಂಶ ಏರಿದಾಗ ಹೀಗಾಗುತ್ತದೆ. ಅಂಥ ಚೀಲದಲ್ಲಿ ಪರೀಕ್ಷೆಗಳೂ ಸರಿಯಾಗಿ ಬರುವುದಿಲ್ಲ, ರೋಗಿಗೆ ಕೊಡುವಂತೆಯೂ ಇಲ್ಲ. ಮುಕ್ಕಾಲು ಗಂಟೆಯ ಶ್ರಮ, ಕಿಟ್‌ನ ಖರ್ಚು ಎರಡೂ ಕಸಕ್ಕೆ ಹೋದವು, ಆ ಮನುಷ್ಯ ಮಾತ್ರ ತನ್ನಿಂದ ದೊಡ್ಡ ತಪ್ಪಾಯಿತೆಂದು ಮುಖ ಸಣ್ಣದು ಮಾಡಿ ಕುಳಿತಿದ್ದರು. ಹಿಂದಿನ ರಾತ್ರಿ ಮತ್ತು ಆ ಬೆಳಿಗ್ಗೆ ಎಣ್ಣೆ, ತೆಂಗಿನಕಾಯಿ, ಮಾಂಸ ಬಿಟ್ಟು ಕುಚ್ಚಲಕ್ಕಿ ಗಂಜಿ ಉಪ್ಪಿನಕಾಯಿ ಉಂಡು, ನೀರು ಚೆನ್ನಾಗಿ ಕುಡಿದು ಬಂದರೆ ಸಾಕು. ಖಾಲಿ ಹೊಟ್ಟೆಯಲ್ಲಿ ಮಾತ್ರ ಬರಬಾರದು.

ತೆಗೆದ ಪ್ಲಾಸ್ಮಾವನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷಿಸಲೇಬೇಕು. ಮಲೇರಿಯಾದ ಊರೆಂದೇ ಹೆಸರಾದ ಮಂಗಳೂರಿನಲ್ಲಿ ಕೊನೆಯದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇವೆಲ್ಲ ಮುಗಿದ ಮೇಲೆ ಪ್ರತಿಕಾಯದ ಮಟ್ಟ, ಅಂದರೆ ಟೈಟರ್. ಮೇಲೆ ಹೇಳಿದ ಸಲಹೆಯಲ್ಲಿ ಎಲೈಸಾ ವಿಧಾನದಲ್ಲಿ 1:640, ಅಥವಾ ವೈರಾಣುವನ್ನು ನಿಷ್ಕ್ರಿಯಗೊಳಿಸುವ ಪರೀಕ್ಷೆಯಲ್ಲಿ 1:80 ಇರಬೇಕು ಎಂದಿದೆ. ಟೈಟರ್ ಬರೆಯದ ಚೀಲವನ್ನು ದಯವಿಟ್ಟು ಕೇಳಬೇಡಿ, ಕೊಡಲೂ ಬೇಡಿ. ಪ್ಲಾಸಿಡ್ ಅಧ್ಯಯನ ಶುರುವಾದಾಗ ಈ ಪರೀಕ್ಷೆಗಳು ಸುಲಭವಾಗಿ ಸಿಗುತ್ತಿರಲಿಲ್ಲ, ಹಾಗಾಗಿ ಅಲ್ಲಿ ಕೊಟ್ಟ ಅನೇಕ ಚೀಲಗಳಲ್ಲಿ ಪ್ರತಿಕಾಯ ಕಡಿಮೆಯಿತ್ತು ಎಂಬ ಟೀಕೆ ಬಂತು. ವೈರಾಣು ರೂಪ ಬದಲಿಸುತ್ತಲೇ ಇರುವುದರಿಂದ ಹಳೆಯ ಅಲೆಯಲ್ಲಿ ತೆಗೆದಿಟ್ಟ ಪ್ಲಾಸ್ಮಾ ಹೊಸ ತಳಿಯ ಮೇಲೆ ಕೆಲಸ ಮಾಡದೆ ಹೋಗಬಹುದು. ಲಸಿಕೆಯನ್ನೂ ಪಡೆದು, ಇತ್ತೀಚೆಗೆ ಸೋಂಕಿನಿಂದಲೂ ಗುಣವಾದವರೇ ಈಗ ಉತ್ತಮ ದಾನಿಗಳು.

ಹಣದ ವಿಷಯ. ಸುಪ್ರೀಂ ಕೋರ್ಟಿನ ಆದೇಶದಂತೆ 1998ರಿಂದ ನಮ್ಮ ದೇಶದಲ್ಲಿ ಹಣ ಕೊಟ್ಟು ರಕ್ತ ಪಡೆಯುವುದು ನಿಷಿದ್ಧ. 2020ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಮಾ ದಾನಿಗಳಿಗೆ 5,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿದಾಗ ನನಗೆ ಕಸಿವಿಸಿಯಾದದ್ದು ಸುಳ್ಳಲ್ಲ. ದಾನಿಯೆಂದು ಹೇಳಿಕೊಂಡು ವಾಟ್ಸಾಪ್‌ನಲ್ಲಿ ಮುಂಗಡ ಕೇಳುವವರಿಗೆ ಒಂದು ಪೈಸೆಯನ್ನೂ ಕಳುಹಿಸಬೇಡಿ. ರಕ್ತನಿಧಿಗೆ ಕಟ್ಟುವ ಪರೀಕ್ಷೆ ಮತ್ತು ಕಿಟ್‌ನ ಶುಲ್ಕಕ್ಕೆ ರಸೀದಿ ಸಿಗುತ್ತದೆ.

ಗುಂಪು, ಸಾಗಣೆ, ಕರಗಿಸುವಿಕೆ

ರಕ್ತದ ಗುಂಪಿನ ಲೆಕ್ಕ ಇಲ್ಲಿ ತಿರುಗಿ ಹೋಗುತ್ತದೆ, ಮತ್ತು ಅನುಭವಿಗಳೂ ಎಡವುವುದು ಇಲ್ಲಿಯೇ. ರಕ್ತ ಕೊಡುವಾಗ ಓ ಗುಂಪು ಎಲ್ಲರಿಗೂ ಸಲ್ಲುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೇವೆ. ಪ್ಲಾಸ್ಮಾದಲ್ಲಿ ಎಲ್ಲರಿಗೂ ಸಲ್ಲುವುದು ಎಬಿ ಗುಂಪು. ಓ ಗುಂಪಿನವರ ಪ್ಲಾಸ್ಮಾದಲ್ಲಿ ಎ ಮತ್ತು ಬಿ ಎರಡರ ವಿರುದ್ಧವೂ ಪ್ರತಿಕಾಯಗಳಿರುವುದರಿಂದ ಅದು ಓ ಗುಂಪಿನ ರೋಗಿಗೆ ಮಾತ್ರ. ಎ ಗುಂಪಿನ ರೋಗಿಗೆ ಎ ಅಥವಾ ಎಬಿ, ಬಿ ಗುಂಪಿನ ರೋಗಿಗೆ ಬಿ ಅಥವಾ ಎಬಿ, ಎಬಿ ರೋಗಿಗೆ ಎಬಿ ಮಾತ್ರ. ‘ನಮ್ಮ ಹುಡುಗ ಓ ನೆಗೆಟಿವ್, ಯಾರಿಗೆ ಬೇಕಾದರೂ ಆಗುತ್ತದೆ’ ಎಂದು ದೂರದಿಂದ ಕರೆದುಕೊಂಡು ಬಂದವರನ್ನು ಹಿಂದಕ್ಕೆ ಕಳಿಸುವುದು ಸುಲಭದ ಕೆಲಸವಲ್ಲ. ಹೊರಡುವ ಮೊದಲೇ ಫೋನಿನಲ್ಲಿ ವಿಚಾರಿಸಿಕೊಳ್ಳಿ.

ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿ ಸೊನ್ನೆಗಿಂತ 18 ಡಿಗ್ರಿಯೋ ಅದಕ್ಕಿಂತ ಹೆಚ್ಚೋ ಕೆಳಗಿನ ಶೈತ್ಯದಲ್ಲಿ ಇಟ್ಟರೆ ಒಂದು ವರ್ಷ ಇಡಬಹುದು. ಮಂಗಳೂರಿನ ರಕ್ತನಿಧಿಯಿಂದ ಉಡುಪಿಯ ಆಸ್ಪತ್ರೆಗೆ ಒಯ್ಯುವುದಾದರೆ ಹೆದ್ದಾರಿ 66ರಲ್ಲಿ ಒಂದು ಗಂಟೆಗೂ ಮಿಕ್ಕಿದ ದಾರಿ. ಮಲ್ಪೆಯ ಮೀನಿನ ಥರ್ಮೊಕೋಲ್ ಪೆಟ್ಟಿಗೆಯನ್ನೇ ತೊಳೆದು ತಂದವರಿದ್ದಾರೆ, ವಾಸನೆ ಹೋಗಿರುವುದಿಲ್ಲ, ಮುಚ್ಚಳವೂ ಸರಿಯಾಗಿ ಕೂರುವುದಿಲ್ಲ. ರಕ್ತನಿಧಿಯವರೇ ಕೊಡುವ ಶೈತ್ಯಪೆಟ್ಟಿಗೆಯನ್ನು ಬಳಸಿ, ದಾರಿಯಲ್ಲಿ ಎಲ್ಲಿಯೂ ನಿಲ್ಲದೆ ಹೋಗಿ. ಗಟ್ಟಿಯಾದ ಚೀಲವು ಪಿಂಗಾಣಿಯಷ್ಟೇ ಬಿರುಸು, ಜಾರಿ ಬಿದ್ದರೆ ಸೀಳುತ್ತದೆ.

ಕರಗಿಸುವುದನ್ನು 37 ಡಿಗ್ರಿಯ ನೀರಿನ ತೊಟ್ಟಿಯಲ್ಲಿ, ಚೀಲದ ಮೇಲೆ ಇನ್ನೊಂದು ಪ್ಲಾಸ್ಟಿಕ್ ಹೊದಿಕೆ ಹಾಕಿ, ತರಬೇತಿ ಪಡೆದವರೇ ಮಾಡಬೇಕು. ಬಿಸಿನೀರಿನಲ್ಲಿ ಅದ್ದಿದರೆ ಪ್ರತಿಕಾಯಗಳೂ ಪ್ರೋಟೀನುಗಳೂ ಕೆಡುತ್ತವೆ. ಕರಗಿದ ಚೀಲವನ್ನು ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ಕೂಡಲೇ ಬಳಸದಿದ್ದರೆ 2ರಿಂದ 6 ಡಿಗ್ರಿಯಲ್ಲಿಟ್ಟು 24 ಗಂಟೆಗಳೊಳಗೆ ಬಳಸಬೇಕು. ಆದ್ದರಿಂದ ರೋಗಿಗೆ ಸೂಜಿ ಹಾಕಿ, ಎಲ್ಲ ಸಿದ್ಧವಾದ ಮೇಲೆಯೇ ಕರಗಿಸಲು ಹೇಳುವುದು ಜಾಣತನ.

ಹಾಸಿಗೆಯ ಬದಿಯಲ್ಲಿ

ಚೀಲದ ಮೇಲಿನ ಸಂಖ್ಯೆ, ಗುಂಪು, ಅವಧಿ ಮುಗಿಯುವ ದಿನಾಂಕ ಮತ್ತು ರೋಗಿಯ ಕೈಪಟ್ಟಿಯಲ್ಲಿರುವ ಹೆಸರು, ನೋಂದಣಿ ಸಂಖ್ಯೆಗಳನ್ನು ಇಬ್ಬರು ಸೇರಿ ಗಟ್ಟಿಯಾಗಿ ಓದಿ ತಾಳೆ ನೋಡಬೇಕು. ಪಿಪಿಇ ಕಿಟ್ ಧರಿಸಿ ಕನ್ನಡಕ ಮಂಜಾಗಿದ್ದ ದಿನಗಳಲ್ಲಿ ಈ ಓದು ಎಷ್ಟು ಕಷ್ಟವಾಗಿತ್ತೆಂದು ಅಲ್ಲಿ ದುಡಿದ ಸಿಸ್ಟರ್‌ಗಳಿಗೇ ಗೊತ್ತು. ಹಾಗಿದ್ದರೂ ಅದನ್ನು ಬಿಡುವಂತಿಲ್ಲ, ಏಕೆಂದರೆ ಒಂದೇ ಹೆಸರಿನ ಇಬ್ಬರು ಒಂದೇ ವಾರ್ಡಿನಲ್ಲಿರುವುದು ನಮ್ಮೂರಿನಲ್ಲಿ ಸಾಮಾನ್ಯ. ಚೀಲವನ್ನು ಬೆಳಕಿಗೆ ಹಿಡಿದು ಬಣ್ಣಗೆಟ್ಟಿದೆಯೇ, ಗಂಟುಗಳಿವೆಯೇ, ಸೋರುತ್ತಿದೆಯೇ ಎಂದು ನೋಡಬೇಕು. ನಾಡಿ, ರಕ್ತದೊತ್ತಡ, ಜ್ವರ, ಆಮ್ಲಜನಕದ ಮಟ್ಟ ಬರೆದುಕೊಂಡು, ಸೋಸುಬಲೆ ಇರುವ ರಕ್ತದ ಸೆಟ್‌ನಲ್ಲಿಯೇ ಶುರುಮಾಡಬೇಕು. ಅದೇ ಕೊಳವೆಯಲ್ಲಿ ಬೇರೆ ಔಷಧಿ ಸೇರಿಸಬಾರದು.

ಆರೋಗ್ಯ ಸಚಿವಾಲಯದ 2020ರ ಜೂನ್‌ನ ಕ್ರಮದಲ್ಲಿ ಸಾಮಾನ್ಯ ಪ್ರಮಾಣ 200 ಮಿ.ಲೀ. ಎಂದೂ, ಅದನ್ನು ಎರಡು ಗಂಟೆಗಿಂತ ಕಡಿಮೆಯಿಲ್ಲದಂತೆ ನಿಧಾನವಾಗಿ ಕೊಡಬೇಕೆಂದೂ ಇತ್ತು. ಪ್ಲಾಸಿಡ್‌ನಲ್ಲಿ 24 ಗಂಟೆಗಳ ಅಂತರದಲ್ಲಿ ಎರಡು ಬಾರಿ, ಸಾಧ್ಯವಾದರೆ ಬೇರೆ ಬೇರೆ ದಾನಿಗಳದ್ದನ್ನು ಕೊಟ್ಟರು. ಮೊದಲ 15 ನಿಮಿಷ ಹನಿಗಳನ್ನು ಬಹಳ ನಿಧಾನ ಬಿಟ್ಟು, ಸಿಸ್ಟರ್ ರೋಗಿಯ ಬದಿಯಲ್ಲೇ ನಿಲ್ಲಬೇಕು. ಮೈಯಲ್ಲಿ ದದ್ದು, ತುರಿಕೆ, ಚಳಿ, ಎದೆ ಬಿಗಿತ ಅಥವಾ ಆಮ್ಲಜನಕದ ಮಟ್ಟ ಕುಸಿತ ಕಂಡರೆ ತಕ್ಷಣ ನಿಲ್ಲಿಸಿ, ಸೂಜಿಯನ್ನು ಹಾಗೆಯೇ ಇಟ್ಟು ಸಲೈನ್ ಹರಿಸಿ ವೈದ್ಯರನ್ನು ಕರೆಯಬೇಕು.

ಇಲ್ಲಿ ತೀವ್ರ ಕೊರೊನಾ ರೋಗಿಯದೇ ಆದ ಒಂದು ತೊಡಕಿದೆ. ಪ್ಲಾಸ್ಮಾದಿಂದ ಶ್ವಾಸಕೋಶಕ್ಕೆ ಆಗುವ ಹಾನಿ ಸಾಮಾನ್ಯವಾಗಿ ಆರು ಗಂಟೆಗಳೊಳಗೆ ಉಸಿರುಗಟ್ಟುವಿಕೆಯಾಗಿ ಕಾಣುತ್ತದೆ, ದ್ರವ ಹೆಚ್ಚಾದುದರ ತೊಂದರೆಯೂ ಉಸಿರಿನಲ್ಲೇ ಕಾಣುತ್ತದೆ, ಮೂಲರೋಗವೂ ಉಸಿರಿನದ್ದೇ. ಮೂರನ್ನೂ ಬೇರ್ಪಡಿಸಿ ನೋಡಲು ಮೊದಲಿನ ಆಮ್ಲಜನಕದ ಅಗತ್ಯ ಎಷ್ಟಿತ್ತು ಎಂಬ ಬರಹ ಮುಖ್ಯ ಆಧಾರ. ನನಗೆ ಗೊತ್ತಿರುವ ಒಂದು ವಾರ್ಡಿನಲ್ಲಿ ರಾತ್ರಿ ಪಾಳಿಯಲ್ಲಿ ಚೀಲ ಏರಿಸಿ, ಬೆಳಿಗ್ಗೆ ರೋಗಿ ಹದಗೆಟ್ಟಾಗ ಹಿಂದಿನ ಸಂಖ್ಯೆಗಳೇ ಪುಸ್ತಕದಲ್ಲಿರಲಿಲ್ಲ. ಕಾರಣ ಪ್ಲಾಸ್ಮಾವೋ ರೋಗವೋ ಎಂಬುದು ಕೊನೆಗೂ ತಿಳಿಯಲಿಲ್ಲ. ತುರ್ತಿಲ್ಲದಿದ್ದರೆ ಹಗಲು ಪಾಳಿಯಲ್ಲೇ ಕೊಡಿ, ಮೊದಲ ಗಂಟೆಯಲ್ಲಿ 15 ನಿಮಿಷಕ್ಕೊಮ್ಮೆ, ನಂತರ ಅರ್ಧ ಗಂಟೆಗೊಮ್ಮೆ ಬರೆಯಿರಿ, ಮುಗಿದ ಮೇಲೂ ಆರು ಗಂಟೆ ಕಣ್ಣಿಟ್ಟಿರಿ.

ತೊಂದರೆಯಾದರೆ ಉಳಿದ ಪ್ಲಾಸ್ಮಾವನ್ನು ಚೀಲ ಮತ್ತು ಕೊಳವೆಯ ಸಮೇತ, ರೋಗಿಯ ರಕ್ತದ ಹೊಸ ಮಾದರಿಯ ಜೊತೆ ರಕ್ತನಿಧಿಗೆ ಮರಳಿಸಬೇಕು. ಪ್ರತಿಕ್ರಿಯೆಯ ನಮೂನೆ ತುಂಬಿ, ಸಮಯವನ್ನು ಗಂಟೆ ನಿಮಿಷ ಸಹಿತ ಬರೆದು ಕಳುಹಿಸಿ. ಅದೇ ದಾನಿಯ ಇನ್ನೊಂದು ಚೀಲ ನಮ್ಮ ಪೆಟ್ಟಿಗೆಯಲ್ಲಿ ಇರುವ ಸಾಧ್ಯತೆಯಿದ್ದು, ಅದು ಬೇರೆಯವರ ಹಾಸಿಗೆಗೆ ಹೋಗುವ ಮೊದಲು ನಾವು ತಡೆದಿಡಬೇಕಾಗುತ್ತದೆ.